ಶರಣಾಗತರ ಹೊಣೆ

ಊರನ್ನು ಬಿಟ್ಟು ಬಂದವನನ್ನು ಹೆಸರಿಸುವ ಮಾತುಗಳು ಕನ್ನಡದಲ್ಲಿ ಹಲವುಂಟು. ಅವುಗಳ ಅರ್ಥವು ಒಂದೇ ಆಗಿಲ್ಲ. ಬಾಗಲಕೋಟೆ ತಾಲ್ಲೂಕಿನ ಶಿರೂರು, ಅದರ ಸುತ್ತಮುತ್ತಣ ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ, ಮಳೆ ಹೋದ ವರ್ಷ ಜನರು ಕೂಲಿಯನ್ನರಸಿ ಹೊರಡುವುದಕ್ಕೆ ಗುಳೆ ಹೋಗುವುದೆಂದು ಹೆಸರು. ಗುಳೆ ಹೋದವನಿಗೆ ಹಿಂದಿರುಗಲು ಊರುಂಟು. ಬಾಗಿಲಿಗೆ ಹಾಕಿಬಂದ ಬೀಗದ ಕೈ ಅವನ ಗಂಟಿನಲ್ಲಿಯೇ ಇರುತ್ತದೆ. ಅದೇ ಸೀಮೆಯಲ್ಲಿ ಆಲಮಟ್ಟಿಯ ಹಿನ್ನೀರು ಏರಿದಾಗ ರೂಢಿಗೆ ಬಂದ ಇನ್ನೊಂದು ಮಾತು ಮುಳುಗಡೆ. ಮುಳುಗಡೆಯಾದವನಿಗೆ ಹಿಂದಿರುಗಲು ಊರಿಲ್ಲ. ಆದರೆ ಅವನು ಈ ನಾಡಿನ ಪ್ರಜೆಯಾದುದರಿಂದ ಪರಿಹಾರದ ಹಣವನ್ನೂ ನವನಗರದಲ್ಲಿ ನಿವೇಶನವನ್ನೂ ಹಕ್ಕಿನಿಂದ ಕೇಳಬಲ್ಲನು, ಕೊಡದಿದ್ದರೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬಲ್ಲನು. ಇವರಿಬ್ಬರಿಗಿಂತ ಬೇರೆಯಾದವನು ಗಡಿಯನ್ನು ದಾಟಿ ಬಂದವನು. ಅವನಿಗೆ ಹಿಂದಿರುಗಲು ಊರೂ ಇಲ್ಲ, ಬಂದ ನಾಡಿನಲ್ಲಿ ಕೇಳಲು ಹಕ್ಕೂ ಇಲ್ಲ. ಹಳಗನ್ನಡವು ಇಂಥವನನ್ನು ಮರೆವೊಕ್ಕವನೆಂದಿತು. ಸಂಸ್ಕೃತದಿಂದ ಬಂದ ಮಾತು ಶರಣಾಗತ. ಈಚಿನ ಬಳಕೆ ನಿರಾಶ್ರಿತ.

ಮರೆವೊಕ್ಕವನೆಂಬ ಮಾತು ಮರೆಯನ್ನು ಹೊಕ್ಕಾದ ಮೇಲಿನ ಸ್ಥಿತಿಯನ್ನು ಹೇಳುವುದು. ನಿರಾಶ್ರಿತನೆಂಬುದು ಮರೆ ಸಿಕ್ಕುವುದಕ್ಕೆ ಮುಂಚಿನ ಸ್ಥಿತಿಯನ್ನು. ಮೊದಲನೆಯದರಲ್ಲಿ ಕಾಯುವವನು ಅಡಗಿದ್ದಾನೆ, ಎರಡನೆಯದರಲ್ಲಿ ಅವನಿಲ್ಲ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬರಬೇಕಾದರೆ ನಡುವೆ ಯಾರಾದರೂ ನಿಂತು 'ಇವನು ನಮ್ಮವನು, ಇವನಿಗೆ ನಾವು ಹೊಣೆ' ಎನ್ನಬೇಕು. ಹೊಣೆಯೆಂಬ ಈ ಶಬ್ದದ ಹಳೆಯ ರೂಪ ಪೊಣೆ. ಇದಕ್ಕೆ ನಂಟಾದ ತಮಿಳಿನ ಪುಣೈ ಎಂಬ ಪದವು ಜಾಮೀನಿಗೂ ಸಲ್ಲುತ್ತದೆ, ನೀರನ್ನು ದಾಟಿಸುವ ತೆಪ್ಪಕ್ಕೂ ಸಲ್ಲುತ್ತದೆ. ಮರದ ತುಂಡುಗಳನ್ನು ಒಂದಕ್ಕೊಂದು ಬಿಗಿದರೆ ತೆಪ್ಪ, ಮನುಷ್ಯನನ್ನು ಮಾತಿನಿಂದ ಬಿಗಿದರೆ ಜಾಮೀನು. ಬಿಗಿಯುವುದೆಂಬ ಮೂಲಾರ್ಥದಿಂದ ಎರಡೂ ಹೊರಟಿರುವಂತೆ ತೋರುವುದು.

ದೇಶಭ್ರಷ್ಟರಾಗಿ ಬಂದವರಿಗೆ ಒಂದು ಮಠವೋ ಸಭೆಯೋ ವಿಹಾರವೋ ಹೀಗೆ ಹೊಣೆಯಾಗಿ ನಿಂತು ನೆಲೆಯನ್ನು ಕಲ್ಪಿಸುವ ಪದ್ಧತಿಯನ್ನು ಇಂದಿನ ಪಶ್ಚಿಮ ದೇಶಗಳಲ್ಲಿ ಕಾಯಿದೆಯೇ ನಿಯಮಿಸಿದೆ. ಕನ್ನಡ ನಾಡಿನಲ್ಲಿ ಅಂತಹ ಕಾಯಿದೆಯಿಲ್ಲ. ಆದರೂ ೧೯೬೦ರಿಂದ ಈಚೆಗೆ ಬೈಲಕುಪ್ಪೆ ಮುಂಡಗೋಡುಗಳಲ್ಲಿ ನಡೆದುಬಂದಿರುವುದನ್ನು ನೋಡಿದರೆ, ಕಾಯಿದೆಯ ಹೆಸರಿಲ್ಲದೆ ಅದೇ ಕೆಲಸ, ಇನ್ನೂ ದೊಡ್ಡ ಪ್ರಮಾಣದಲ್ಲಿ, ಇಲ್ಲಿಯೂ ಆಗಿರುವುದು ಗೊತ್ತಾಗುತ್ತದೆ. ಹೊಣೆಗೆ ಅವಧಿಯೊಂದನ್ನು ಗೊತ್ತುಮಾಡದಿದ್ದುದರಿಂದ ಬಂದ ತೊಡಕೂ ಅಲ್ಲಿಯೇ ಕಾಣುತ್ತದೆ. ಇದನ್ನು ಸರಿಯಾಗಿ ಅರಿಯಬೇಕಾದರೆ ಹಿಂದಿನ ಎರಡು ಮೂರು ನಿದರ್ಶನಗಳನ್ನು ಮೊದಲು ನೋಡುವುದು ಮೇಲು.

ಪ್ರಾಚೀನ ಕರ್ಣಾಟಕದಲ್ಲಿ ಶರಣಾಗತರಕ್ಷಣೆಯು ಮೊದಲಿಗೆ ಅರಸುತನದ ಗುಣವೆಂದು ಎಣಿಕೆಯಾಗಿತ್ತು. ಶಾಸನಗಳಲ್ಲಿ ಸಾಮಂತರ, ದಂಡನಾಯಕರ ಬಿರುದುಗಳ ಸಾಲಿನಲ್ಲಿ ಶರಣಾಗತವಜ್ರಪಂಜರನೆಂಬುದು ಮತ್ತೆ ಮತ್ತೆ ಬರುತ್ತದೆ. ಪಂಜರವೆಂಬ ಮಾತನ್ನು ಇಲ್ಲಿ ಗಮನಿಸತಕ್ಕದ್ದು. ಹೊರಗಿನ ಶತ್ರು ಒಳಗೆ ಬರಲಾರನು. ಒಳಗಿನವನು ಹೊರಗೆ ಹೋಗುವುದೂ ಸುಲಭವಲ್ಲ. ಬಿರುದನ್ನು ಕಟ್ಟಿದವರು ಎರಡನೆಯ ಅರ್ಥವನ್ನು ಎಣಿಸಿರಲಾರರು. ಆದರೂ ಶಬ್ದ ಅದನ್ನು ಒಳಗೊಂಡಿದೆ.

ಅರಸನಿಂದ ಈ ಕರ್ತವ್ಯವು ಧರ್ಮಸಂಸ್ಥೆಗೆ ಇಳಿದುದಕ್ಕೆ ಬಳ್ಳಿಗಾವೆಯ ಕೋಡಿಯ ಮಠದ ಶಾಸನವು ಒಳ್ಳೆಯ ಸಾಕ್ಷಿ. ಕ್ರಿ. ಶ. ೧೧೬೨ರಲ್ಲಿ, ಕಳಚುರ್ಯ ಬಿಜ್ಜಳನ ಕಾಲದಲ್ಲಿ ಹುಟ್ಟಿದ ಈ ಶಾಸನವು ಕಾಳಾಮುಖರ ಆ ಮಠದಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಪಾಠಗಳನ್ನು ಎಣಿಸಿದ ಬಳಿಕ, ಅಲ್ಲಿ ಅನ್ನವನ್ನು ಪಡೆಯುವವರ ದೊಡ್ಡದೊಂದು ಪಟ್ಟಿಯನ್ನು ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಗಾಯಕ ವಾದಕ ನರ್ತಕರು, ನಾನಾ ದೇಶಗಳಿಂದ ಬಂದ ಭಿಕ್ಷುಗಳು, ಅವರಲ್ಲಿ ಜೈನ ಕ್ಷಪಣಕರೂ ಏಕದಂಡಿ ತ್ರಿದಂಡಿಗಳೂ ಸೇರಿದ್ದಾರೆ. ರೋಗಿಗಳಿಗೆ ಔಷಧವುಂಟು. ಕೊನೆಗೆ ಆ ಮಠವು ಸಕಲ ಜೀವಿಗಳಿಗೂ ಅಭಯವನ್ನು ಕೊಡುವ ಸ್ಥಾನವೆಂದು ಹೇಳಿದೆ. ಈ ಪಟ್ಟಿಯಲ್ಲಿ ಬಂದವನ ಮತವನ್ನು ಕೇಳುವ ಮಾತಿಲ್ಲ. ಅಂತೆಯೇ, ಎಷ್ಟು ದಿನ ಇರಬಹುದೆಂಬ ಮಾತೂ ಇಲ್ಲ. ಅನ್ನಕ್ಕೂ ಅಭಯಕ್ಕೂ ಏರ್ಪಾಡು ಇದೆ. ಬಂದವನು ಊರಿನ ಒಕ್ಕಲಾಗುವುದಕ್ಕೆ ಏರ್ಪಾಡಿಲ್ಲ. ಛತ್ರಕ್ಕೂ ನೆಲೆಗೂ ಇರುವ ವ್ಯತ್ಯಾಸ ಇದೇ.

ಹೊಣೆಯ ರೂಪವು ಸ್ಪಷ್ಟವಾಗಿ ಕಾಣುವುದು ಶ್ರವಣಬೆಳಗೊಳದ ಕ್ರಿ. ಶ. ೧೩೬೮ರ ಬುಕ್ಕರಾಯನ ಶಾಸನದಲ್ಲಿ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಮೊರೆಯಿಟ್ಟಾಗ, ಅರಸನು ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನು ಕರೆಸಿ, ಜೈನರ ಕೈಯನ್ನು ಹಿಡಿದು ಅವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಇದನ್ನು ಸಾಹಿತ್ಯದ ಇತಿಹಾಸಗಳು ಮತಸಹಿಷ್ಣುತೆಯ ಉದಾಹರಣೆಯೆಂದು ಕೊಂಡಾಡಿ ಅಲ್ಲಿಗೇ ಬಿಡುತ್ತವೆ. ಶಾಸನದ ಉಳಿದ ಭಾಗವು ಇದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ತಿರುಮಲೆಯ ತಾತಯ್ಯನು ರಾಜ್ಯದ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಮೈಗಾವಲಿಗೆ ಇಪ್ಪತ್ತು ಆಳುಗಳನ್ನು ಇಟ್ಟು, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ತಪ್ಪಿದವರಿಗೆ ದಂಡನೆಯೂ ಹೇಳಿದೆ. ಒಂದು ಧರ್ಮಸಮುದಾಯವು ಇನ್ನೊಂದಕ್ಕೆ ಹೊಣೆಯಾದುದು ಇಲ್ಲಿ ಬರಿಯ ಮಾತಾಗದೆ, ಹಣ, ಆಳು, ಕೆಲಸ, ಶಿಕ್ಷೆಗಳೊಡನೆ ಲೆಕ್ಕಕ್ಕೆ ಬಂದಿತು. ಆದರೆ ಕಾವಲಿನ ವೆಚ್ಚವನ್ನು ಕೊಟ್ಟವರು ಕಾಯಿಸಿಕೊಂಡವರೇ ಎಂಬುದನ್ನೂ ಮರೆಯಲಾಗದು.

ಜೈನರು ಇಲ್ಲಿಯವರೇ, ಹೊರಗಿನಿಂದ ಬಂದವರ ಸಂಗತಿ ಬೇರೆ. ಪೋರ್ತುಗೀಸರ ಆಳ್ವಿಕೆಯ ಗೋವೆಯಿಂದ, ಮುಖ್ಯವಾಗಿ ಹದಿನಾರನೆಯ ಶತಮಾನದಲ್ಲಿ, ಸಾರಸ್ವತರು ತೆಂಕಣಕ್ಕೆ ಬಂದು ಕನ್ನಡ ಕರಾವಳಿಯಲ್ಲಿ ನೆಲಸಿದರು. ಅವರಲ್ಲಿ ಕೆಲವರು ಶಾನುಭೋಗಿಕೆಯಲ್ಲಿಯೂ ಕೆಳದಿಯ ಅರಸರ ಕಚೇರಿಯಲ್ಲಿಯೂ ಮುಂದೆ ಬಂದರು. ಇವರಿಗೆ ಗುರುವಿಲ್ಲವೆಂದು ಎದುರಾಳಿಗಳು ನಗರದ ಆಸ್ಥಾನದಲ್ಲಿ ಆಕ್ಷೇಪವೆತ್ತಿದರೆಂದೂ, ಆಗ ಇವರು ಗೋಕರ್ಣಕ್ಕೆ ಹೋಗಿ ಪ್ರಾರ್ಥಿಸಿದರೆಂದೂ, ೧೭೦೮ರಲ್ಲಿ ಉತ್ತರದಿಂದ ಬಂದ ಪರಿಜ್ಞಾನಾಶ್ರಮರೆಂಬ ಸಂನ್ಯಾಸಿಗಳನ್ನು ಗುರುಗಳನ್ನಾಗಿ ಪಡೆದರೆಂದೂ ಆ ಸಮುದಾಯದ ಸಂಪ್ರದಾಯವು ಹೇಳುತ್ತದೆ. ಮುಂದೆ ಶಿರಾಲಿಯ ಚಿತ್ರಾಪುರದಲ್ಲಿ ನೆಲೆಗೊಂಡ ಮಠದ ಮೂಲ ಇದು. ಕಥೆಯ ವಿವರಗಳು ಹೇಗೇ ಇರಲಿ, ಅದರ ತಿರುಳು ಪ್ರಕೃತಕ್ಕೆ ಉಪಯುಕ್ತವಾದುದು. ಬಂದವರಿಗೆ ಮನೆಯಿತ್ತು, ಉದ್ಯೋಗವಿತ್ತು. ಆದರೂ ಅವರ ಪರವಾಗಿ ಮಾತನಾಡಲು ಒಂದು ಪೀಠವಿಲ್ಲದೆ ರಾಜ್ಯವು ಅವರನ್ನು ಒಂದು ಜನವೆಂದು ಒಪ್ಪಲಿಲ್ಲ. ನಿಮ್ಮ ಗುರು ಯಾರು ಎಂಬ ಪ್ರಶ್ನೆಯ ಒಳಗಿದ್ದುದು ನಿಮಗೆ ಹೊಣೆ ಯಾರು ಎಂಬ ಪ್ರಶ್ನೆಯೇ. ಹೊಣೆಗಾರನು ಹೊರಗಿನಿಂದ ದೊರೆಯದಿದ್ದಾಗ ವಲಸೆ ಬಂದವರು ತಮ್ಮೊಳಗಿನಿಂದಲೇ ಅವನನ್ನು ನಿರ್ಮಿಸಿಕೊಂಡರು.

ಇದೇ ರೀತಿಯು ಎರಡೂವರೆ ಶತಮಾನಗಳ ಬಳಿಕ, ಟಿಬೆಟ್ಟಿನಿಂದ ಬಂದವರಲ್ಲಿ ಮರುಕಳಿಸಿತು. ೧೯೫೯ರ ಮಾರ್ಚಿಯಲ್ಲಿ ಲ್ಹಾಸಾ ನಗರದಲ್ಲಿ ದಂಗೆಯೆದ್ದು, ದಲೈಲಾಮಾ ಅವರು ಆ ತಿಂಗಳ ಕೊನೆಯಲ್ಲಿ ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆ ಸುಮಾರು ೮೦,೦೦೦ ಜನ ಬಂದರು. ಬಂದವರನ್ನು ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಮೊದಲಾದ ಶಿಬಿರಗಳಲ್ಲಿ ಇರಿಸಲಾಯಿತು. ಅನೇಕರು ಹಿಮಾಲಯದ ಸೆರಗಿನಲ್ಲಿ ರಸ್ತೆ ಕಡಿಯುವ ಕೂಲಿಗೆ ಹೋದರು. ಆಚಾರ್ಯ ಜೆ. ಬಿ. ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ಕೇಂದ್ರೀಯ ಪರಿಹಾರ ಸಮಿತಿಯೊಂದು ಏರ್ಪಟ್ಟಿತು. ಭೂಮಿಯನ್ನು ಕೊಡಬಲ್ಲಿರಾ ಎಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ, ಮುಂದೆ ಬಂದ ರಾಜ್ಯಗಳಲ್ಲಿ ಮೈಸೂರು ಮೊದಲನೆಯ ಸಾಲಿನದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು ೩,೦೦೦ ಎಕರೆ ಕಾಡು ನೆಲವು ಗೊತ್ತಾಗಿ, ೧೯೬೦ರ ಕೊನೆಯಲ್ಲಿ ಮೊದಲ ತಂಡವು ಅಲ್ಲಿ ಇಳಿಯಿತು.

ಈ ಔದಾರ್ಯವನ್ನು ಸಾಮಾನ್ಯವಾಗಿ ಎಸ್. ನಿಜಲಿಂಗಪ್ಪನವರೊಬ್ಬರ ಹೆಸರಿಗೆ ಸಲ್ಲಿಸುವ ವಾಡಿಕೆಯುಂಟು. ೧೯೫೬-೫೭ರ ಬುದ್ಧಜಯಂತಿಯ ಪ್ರವಾಸದಲ್ಲಿಯೇ ಅವರ ಪರಿಚಯವಾಗಿತ್ತೆಂದು ದಲೈಲಾಮಾ ಅವರು ಹಲವು ಸಂದರ್ಭಗಳಲ್ಲಿ ನೆನೆದಿರುವುದರಿಂದ ಈ ವಾಡಿಕೆಗೆ ಆಧಾರವಿಲ್ಲದಿಲ್ಲ. ಆದರೆ ಕಾಲಕ್ರಮವನ್ನು ನೋಡಬೇಕು. ಬೈಲಕುಪ್ಪೆಯ ನೆಲೆ ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು, ಅವರು ೧೯೫೮ರಿಂದ ೧೯೬೨ರ ವರೆಗೆ ಆ ಸ್ಥಾನದಲ್ಲಿದ್ದರು. ಅವರ ತರುವಾಯ ಕೆಲವು ತಿಂಗಳು ಹುನಗುಂದದ ಪ್ರತಿನಿಧಿ ಎಸ್. ಆರ್. ಕಂಠಿಯವರು; ಅನಂತರ ಮತ್ತೆ ನಿಜಲಿಂಗಪ್ಪನವರು. ನಿಜಲಿಂಗಪ್ಪನವರು ೧೯೬೨ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತು, ಬಾಗಲಕೋಟೆಯಿಂದ ಅವಿರೋಧವಾಗಿ ಆರಿಸಿಬಂದು ಮುಖ್ಯಮಂತ್ರಿಗಳಾದವರು. ೧೯೬೬ರ ಮುಂಡಗೋಡಿನ ನೆಲೆ ಅವರ ಕಾಲದ್ದು. ಹೀಗೆ, ಟಿಬೆಟನ್ನರಿಗೆ ನೆಲವನ್ನು ಕೊಟ್ಟ ವರ್ಷಗಳಲ್ಲಿ ರಾಜ್ಯವನ್ನು ನಡೆಸಿದ ಮೂವರೂ ಇಂದಿನ ಬಾಗಲಕೋಟೆ ಜಿಲ್ಲೆಯ ಮಣ್ಣಿನೊಡನೆ ಒಂದಲ್ಲ ಒಂದು ಬಗೆಯ ಸಂಬಂಧವುಳ್ಳವರು. ಗುಳೆಯನ್ನು ಕಂಡ ಸೀಮೆಯವರಾದುದರಿಂದ ಹೀಗೆ ಮಾಡಿದರೆಂದು ಹೇಳುವುದು ಕವಿಸಮಯವಾದೀತೇ ಹೊರತು ಇತಿಹಾಸವಾಗಲಾರದು. ಆದರೂ ಶಿರೂರು, ಹುನಗುಂದ, ಜಮಖಂಡಿಗಳ ಕಡೆಯ ಉಪಾಧ್ಯಾಯರು ತಮ್ಮ ಸೀಮೆಯ ಚರಿತ್ರೆಯನ್ನು ಹೇಳುವಾಗ ಈ ಅಧ್ಯಾಯವನ್ನು ಬಿಡಬೇಕಾದ ಕಾರಣವಿಲ್ಲ.

ಬೈಲಕುಪ್ಪೆಯಲ್ಲಿ ಮೊದಲ ವರ್ಷಗಳು ಕಠಿಣವಾಗಿದ್ದುವು. ತಲೆಗೊಂದು ಎಕರೆಯ ಲೆಕ್ಕದಲ್ಲಿ ನೆಲ ಹಂಚಿಕೆಯಾಗಬೇಕಿತ್ತು. ಆ ನೆಲ ಇನ್ನೂ ಕಾಡಾಗಿತ್ತು. ಚಳಿಯ ಪ್ರಸ್ಥಭೂಮಿಯಿಂದ ಬಂದ ಕುರುಬರೂ ಬಾರ್ಲಿಯ ಒಕ್ಕಲಿಗರೂ ಮರ ಕಡಿದು, ಸುಟ್ಟು, ಡೇರೆಗಳಲ್ಲಿ ಮಲಗಿ, ಮಳೆಗಾಲದ ಜ್ವರಕ್ಕೂ ಬೇಸಗೆಯ ಸೆಕೆಗೂ ತುತ್ತಾದರು. ಬೆಳೆದ ಅಲ್ಪವನ್ನು ಆನೆಗಳು ತುಳಿದುಹೋಗುತ್ತಿದ್ದುವು. ಕೊನೆಗೆ ಅವರ ಕೈಹಿಡಿದ ಬೆಳೆ ಮೆಕ್ಕೆಜೋಳ. ಸ್ವಿಟ್ಜರ್ಲೆಂಡಿನ ನೆರವಿನವರು ಬೇಸಾಯದ ವಿಷಯದಲ್ಲಿ ಸಹಾಯ ಮಾಡಿದರು. ಅನೇಕ ಕ್ರೈಸ್ತ ಸಭೆಗಳ ಪರಿಹಾರಸಂಸ್ಥೆಗಳು ಧಾನ್ಯವನ್ನೂ ಬಟ್ಟೆಯನ್ನೂ ಔಷಧವನ್ನೂ ಒದಗಿಸಿದುವು. ಬೌದ್ಧರ ಹೊಟ್ಟೆಗೆ ಕ್ರೈಸ್ತರ ಹಿಟ್ಟು ಬಂದುದನ್ನು ಕೋಡಿಯ ಮಠದ ಶಾಸನಕಾರನು ಮೆಚ್ಚುತ್ತಿದ್ದನು. ೧೯೬೮ರಲ್ಲಿ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆಯು ಟಿಬೆಟನ್ನರ ನೆಲೆಗಳ ಕೆಲಸಕ್ಕೆಂದೇ ಹುಟ್ಟಿತು. ಮೈರಾಡ ಎಂಬ ಹೆಸರಿನಿಂದ ಅದು ಮುಂದೆ ಕನ್ನಡ ನಾಡಿನ ಬಡ ರೈತರ ನಡುವೆ ದುಡಿದುದು ಎಲ್ಲರೂ ಬಲ್ಲ ಸಂಗತಿ. ನಿರಾಶ್ರಿತರಿಗಾಗಿ ಹುಟ್ಟಿದ ಸಂಸ್ಥೆಯು ಆಶ್ರಯ ಕೊಟ್ಟವರಿಗೆ ಉಳಿದುದು ಇಂತಹ ಕಾರ್ಯಗಳಲ್ಲಿ ಅಪರೂಪವಾದ ಫಲ.

ಇಷ್ಟರ ವರೆಗೆ ಹೊಣೆಯು ಸರ್ಕಾರದ್ದು, ಹಣವು ಪರೋಪಕಾರಿಗಳದ್ದು. ಧರ್ಮಸಮುದಾಯವು ತಾನೇ ಮುಂದೆ ನಿಂತುದು ಬಕ್ಸಾದ ಭಿಕ್ಷುಗಳು ದಕ್ಷಿಣಕ್ಕೆ ಬಂದಾಗ. ಬಕ್ಸಾ ಎಂಬುದು ಬ್ರಿಟಿಷರ ಕಾಲದಲ್ಲಿ ರಾಜಕೀಯ ಬಂದಿಗಳನ್ನು ಕೂಡಿಹಾಕುತ್ತಿದ್ದ ಕೋಟೆ. ಸೆರಾ, ಡ್ರೆಪುಂಗ್, ಗಾಂಡೆನ್ ಎಂಬ ಮೂರು ಮಹಾವಿಹಾರಗಳಿಂದಲೂ ಬೇರೆ ಪರಂಪರೆಗಳಿಂದಲೂ ಉಳಿದು ಬಂದ ಸುಮಾರು ೧,೫೦೦ ಭಿಕ್ಷುಗಳು ಅಲ್ಲಿ ಹತ್ತು ವರ್ಷಗಳ ಕಾಲ ಪಾಠವನ್ನು ಬಿಡದೆ ನಡೆಸಿದರು. ಒದ್ದೆಯ ಗೋಡೆ, ಇಕ್ಕಟ್ಟು, ಕ್ಷಯರೋಗಗಳಿಂದ ಅನೇಕರು ಅಲ್ಲಿಯೇ ತೀರಿಕೊಂಡರು. ೧೯೬೯-೭೦ರ ಸುಮಾರಿಗೆ ಡ್ರೆಪುಂಗ್ ಗಾಂಡೆನ್‌ಗಳವರು ಮುಂಡಗೋಡಿಗೂ, ಸೆರಾದವರು ಬೈಲಕುಪ್ಪೆಗೂ ಬಂದರು. ಸೆರಾದ ಎರಡು ವಿದ್ಯಾಪೀಠಗಳಿಂದ ಬಂದವರು ಒಟ್ಟು ಮುನ್ನೂರರಷ್ಟು ಮಾತ್ರ. ನ್ಯಿಂಗ್ಮಾ ಪರಂಪರೆಯ ಪೆನೋರ್ ರಿನ್‌ಪೋಚೆ ಅವರು ಇವರಿಗಿಂತ ಮೊದಲೇ, ೧೯೬೩ರಲ್ಲಿ, ಬೈಲಕುಪ್ಪೆಯಲ್ಲಿ ಬಿದಿರಿನ ಪುಟ್ಟ ಗುಡಿಯೊಂದನ್ನು ಕಟ್ಟಿಕೊಂಡಿದ್ದರು. ಇಂದು ಪ್ರವಾಸಿಗರು ಸುವರ್ಣಮಂದಿರವೆಂದು ನೋಡಲು ಹೋಗುವ ನಮ್‌ಡ್ರೋಲಿಂಗ್ ವಿಹಾರದ ಮೊದಲ ರೂಪ ಅದು.

ಭಿಕ್ಷುಗಳಿಗೂ ಸಿಕ್ಕಿದುದು ಕಾಡೇ. ವಿನಯದ ನಿಯಮಗಳು ಭಿಕ್ಷುವಿಗೆ ನೆಲವನ್ನು ಅಗೆಯುವುದನ್ನು ನಿಷೇಧಿಸುತ್ತವೆ. ಅಗೆತದಲ್ಲಿ ಜೀವಹಿಂಸೆಯುಂಟೆಂಬುದು ಕಾರಣ. ಆದರೆ ಅಗೆಯದಿದ್ದರೆ ಅನ್ನವಿಲ್ಲ. ಪ್ರಮಾಣಶಾಸ್ತ್ರದಲ್ಲಿ ಪಾರಂಗತರಾದ ವಿದ್ವಾಂಸರು ಹಗಲು ಗುದ್ದಲಿ ಹಿಡಿದು ಮೆಕ್ಕೆಜೋಳವನ್ನು ಬಿತ್ತಿ, ಸಂಜೆ ವಾದಾಂಗಣದಲ್ಲಿ ಚಪ್ಪಾಳೆ ತಟ್ಟಿ ಪೂರ್ವಪಕ್ಷವನ್ನು ಮಂಡಿಸಿದರು. ಈ ಕಾಲವನ್ನು ಕುರಿತು ಆ ವಿಹಾರಗಳವರು ಹೇಳುವಾಗ ಹೆಮ್ಮೆಯೂ ಸಂಕೋಚವೂ ಕೂಡಿ ಬರುವುದು ಸಹಜ.

ಈ ಮುನ್ನೂರು ಜನ ಮುಂದೆ ಸಾವಿರಾರು ಆದುದು ಹೇಗೆಂಬುದರಲ್ಲಿ ಈ ವಿಷಯದ ಮರ್ಮವಿದೆ. ೧೯೮೦ರಿಂದ ಈಚೆಗೆ ಟಿಬೆಟ್ಟಿನಿಂದ ಎರಡನೆಯ ಅಲೆಯಾಗಿ ಜನ ಬರತೊಡಗಿದರು. ಆ ವೇಳೆಗೆ ನೆಲವೆಲ್ಲ ಹಂಚಿಹೋಗಿತ್ತು. ಹೊಸದಾಗಿ ಬಂದವನಿಗೆ ಎಕರೆಯೂ ಇಲ್ಲ, ಮನೆಯೂ ಇಲ್ಲ, ಬಂಧುಗಳು ಹಿಮದ ಆಚೆಗೆ. ಅವರಲ್ಲಿ ತರುಣರನ್ನು, ಎಷ್ಟೋ ವೇಳೆ ಹುಡುಗರನ್ನು, ವಿಹಾರಗಳು ಸೇರಿಸಿಕೊಂಡುವು. ಸೇರಿಸಿಕೊಳ್ಳುವ ಕ್ರಮವು ಹಳೆಯದು. ಮಹಾವಿಹಾರವು ಒಂದೇ ಮನೆಯಾಗಿರದೆ, ಟಿಬೆಟ್ಟಿನ ಬೇರೆ ಬೇರೆ ಸೀಮೆಗಳ ಹೆಸರಿನ ಖಾಂಗ್‌ತ್ಸೆನ್ ಎಂಬ ಒಳಮನೆಗಳಾಗಿ ಭಾಗವಾಗಿದೆ. ಬಂದವನು ಯಾವ ಸೀಮೆಯವನೋ ಆ ಸೀಮೆಯ ಒಳಮನೆ ಅವನಿಗೆ ಬಾಗಿಲು ತೆರೆಯುವುದು. ಅಲ್ಲಿ ಹಿರಿಯನೊಬ್ಬನು ಮನೆಯ ಗುರುವಾಗಿ ಅವನ ಊಟ, ಬಟ್ಟೆ, ಪಾಠ, ನಡತೆಗಳಿಗೆ ಉತ್ತರವಾದಿಯಾಗುವನು. ತಪ್ಪು ಮಾಡಿದರೆ ಮೊದಲು ಕೇಳುವುದು ಗುರುವನ್ನು, ಅನಂತರ ಒಳಮನೆಯನ್ನು. ಇದಕ್ಕೆ ತಗಲುವ ವೆಚ್ಚದಲ್ಲಿ ಒಂದು ಭಾಗ ಹೊಲದಿಂದಲೂ, ಬಹುಭಾಗ ದೂರದೇಶಗಳ ದಾನಿಗಳಿಂದಲೂ ಬಂದಿತು. ಯೂರೋಪು ಅಮೆರಿಕಗಳ, ತೈವಾನಿನ ಒಬ್ಬೊಬ್ಬ ಗೃಹಸ್ಥನು ಒಬ್ಬೊಬ್ಬ ಭಿಕ್ಷುವಿನ ಹೆಸರಿನಲ್ಲಿ ತಿಂಗಳಿಗಿಷ್ಟೆಂದು ಕಳುಹಿಸುವ ಪದ್ಧತಿ ಬೆಳೆಯಿತು. ಹೊರಗಿನ ಹಣ, ಒಳಗಿನ ಹೊಣೆ, ನಡುವೆ ಕನ್ನಡ ನಾಡಿನ ನೆಲ: ಮೂರೂ ಕೂಡಿದ ಈ ಏರ್ಪಾಡನ್ನು ಯಾವ ಸರ್ಕಾರಿ ಆಜ್ಞೆಯೂ ರೂಪಿಸಿದುದಲ್ಲ.

ಗೃಹಸ್ಥರ ಶಿಬಿರಗಳಲ್ಲಿ ವ್ಯವಸ್ಥೆ ಸ್ವಲ್ಪ ಬೇರೆ. ಅಲ್ಲಿ ಧರ್ಮಶಾಲೆಯ ಟಿಬೆಟನ್ ಆ‌ಡಳಿತದಿಂದ ನಿಯಮಿತನಾದ ನೆಲೆಯ ಅಧಿಕಾರಿಯೊಬ್ಬನು ತಾಲ್ಲೂಕಿನ ಕಚೇರಿಗೂ ಪೊಲೀಸಿನವರಿಗೂ ಜನರ ಪರವಾಗಿ ಮಾತನಾಡುತ್ತಾನೆ. ಸಹಕಾರ ಸಂಘವು ಬೀಜ, ಗೊಬ್ಬರ, ಮಾರಾಟಗಳನ್ನು ನೋಡಿಕೊಳ್ಳುತ್ತದೆ. ಮುಂಡಗೋಡಿನ ಈ ಜೀವನವನ್ನು ಟಿ. ಸಿ. ಪಾಲಾಕ್ಷಪ್ಪನವರು ೧೯೭೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಮಾಜಶಾಸ್ತ್ರಜ್ಞನ ಕಣ್ಣಿನಿಂದ ಪರೀಕ್ಷಿಸಿದ್ದಾರೆ. ನೆರೆಯ ಹಳ್ಳಿಗಳವರು ಅವರ ಹೊಲಗಳಿಗೆ ಕೂಲಿಗೆ ಹೋದುದು, ಅವರು ಹಳ್ಳಿಗಳ ಸಂತೆಗೆ ಬಂದುದು, ಚಳಿಗಾಲದಲ್ಲಿ ಹುಬ್ಬಳ್ಳಿ ಮೊದಲಾದ ಪಟ್ಟಣಗಳ ಬೀದಿಯಲ್ಲಿ ಉಣ್ಣೆಯ ಅಂಗಿಗಳನ್ನು ಮಾರಿದುದು, ಇವುಗಳಿಂದ ಪರಸ್ಪರ ಪರಿಚಯ ಬೆಳೆಯಿತು. ಬಂದವರಿಗೆ ಹೊರಗಿನ ನೆರವು ಹರಿಯುತ್ತಿರಲು ಪಕ್ಕದ ಬಡ ರೈತನಿಗೆ ಅದಿಲ್ಲವಲ್ಲ ಎಂಬ ಅಸಮಾಧಾನವೂ ಆಗಾಗ ತಲೆಯೆತ್ತದೆ ಇರಲಿಲ್ಲ.

ಇನ್ನು ಪಶ್ಚಿಮದ ಪದ್ಧತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಕೆನಡಾ ದೇಶದ ೧೯೭೬ರ ವಲಸೆ ಕಾಯಿದೆಯು ೧೯೭೮ರಲ್ಲಿ ಜಾರಿಗೆ ಬಂದಾಗ, ಖಾಸಗಿ ಗುಂಪುಗಳು ನಿರಾಶ್ರಿತರಿಗೆ ಹೊಣೆಯಾಗುವುದಕ್ಕೆ ಅದರಲ್ಲಿ ಅವಕಾಶವಿತ್ತು. ೧೯೭೯ರ ಮಾರ್ಚಿಯಲ್ಲಿ ಮೆನೊನೈಟರೆಂಬ ಕ್ರೈಸ್ತ ಪಂಗಡದ ಕೇಂದ್ರ ಸಮಿತಿಯು ಸರ್ಕಾರದೊಡನೆ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. ಉಳಿದ ಸಭೆಗಳು ಹಿಂಬಾಲಿಸಿದುವು. ಮೆನೊನೈಟರು ತಾವೇ ಹಿಂದೆ ರಷ್ಯದಿಂದ ಓಡಿಬಂದವರಾದುದರಿಂದ ಈ ಕೆಲಸದಲ್ಲಿ ಮೊದಲಿಗರಾದುದು ಆಶ್ಚರ್ಯವಲ್ಲ. ೧೯೭೯-೮೦ರಲ್ಲಿ ವಿಯಟ್ನಾಂ, ಕಾಂಬೋಡಿಯ, ಲಾವೋಸುಗಳಿಂದ ಕೆನಡಕ್ಕೆ ಬಂದ ಸುಮಾರು ೬೦,೦೦೦ ಜನರಲ್ಲಿ ಅರ್ಧಕ್ಕೂ ಮಿಕ್ಕವರು ಇಂತಹ ಖಾಸಗಿ ಹೊಣೆಯ ಮೇಲೆ ಬಂದವರು. ೧೯೮೬ರಲ್ಲಿ ವಿಶ್ವಸಂಸ್ಥೆಯ ನಾನ್ಸೆನ್ ಪದಕವು ಕೆನಡದ ಇಡಿಯ ಜನತೆಗೆ ಸಂದಿತು. ಒಪ್ಪಂದದ ಶರತ್ತು ಸರಳವಾದುದು: ಬಂದ ಕುಟುಂಬಕ್ಕೆ ಮನೆ, ಆಹಾರ, ಬಟ್ಟೆ, ಭಾಷೆಯ ಪಾಠ, ಮಕ್ಕಳ ಶಾಲೆ, ಇವೆಲ್ಲವನ್ನೂ ಸಾಮಾನ್ಯವಾಗಿ ಹನ್ನೆರಡು ತಿಂಗಳು ಹೊಣೆಗಾರರು ನೋಡಿಕೊಳ್ಳಬೇಕು. ಆ ಅವಧಿ ತೀರಿದೊಡನೆ ಹೊಣೆ ತೀರುತ್ತದೆ. ಬಂದವನು ಅದಕ್ಕೆ ಮುಂಚೆಯೇ ಆ ದೇಶದ ಕಾಯಂ ನಿವಾಸಿಯಾಗಿರುತ್ತಾನೆ. ಕೆಲವು ವರ್ಷಗಳಲ್ಲಿ ಪ್ರಜೆಯೂ ಆಗಬಹುದು. ಸಭೆಯು ಅವನನ್ನು ದಡಕ್ಕೆ ಮುಟ್ಟಿಸಿ ತೆಪ್ಪವನ್ನು ಹಿಂದಕ್ಕೆ ತಿರುಗಿಸುತ್ತದೆ.

ಸ್ವಿಟ್ಜರ್ಲೆಂಡಿನ ನಿದರ್ಶನವು ಇನ್ನೊಂದು ಬಗೆಯದು. ೧೯೬೩ರಲ್ಲಿ ಅಲ್ಲಿಯ ಸರ್ಕಾರವು ಸಾವಿರ ಟಿಬೆಟನ್ನರನ್ನು ತರಲು ಒಪ್ಪಿತು. ರಿಕೋನ್ ಎಂಬ ಊರಿನಲ್ಲಿ ಅಡಿಗೆಯ ಪಾತ್ರೆಗಳ ಕಾರ್ಖಾನೆಯನ್ನು ನಡೆಸುತ್ತಿದ್ದ ಕೂನ್ ಸಹೋದರರು ಅವರಲ್ಲಿ ಕೆಲವರಿಗೆ ಕೆಲಸವನ್ನೂ ಮನೆಯನ್ನೂ ಕೊಟ್ಟರು. ಅಷ್ಟರಿಂದ ಬಂದವರ ಮನಸ್ಸು ನಿಲ್ಲದುದನ್ನು ಕಂಡು ಒಂದು ವಿಹಾರವನ್ನೇ ಕಟ್ಟಿಸಿದರು. ೧೯೬೮ರಲ್ಲಿ ಅದು ತೆರೆಯಿತು. ಕೆನಡದಲ್ಲಿ ಧರ್ಮಸಭೆಯು ಉದ್ಯೋಗವನ್ನು ಹುಡುಕಿಕೊಟ್ಟರೆ, ಇಲ್ಲಿ ಉದ್ಯೋಗಕೊಟ್ಟವರು ಧರ್ಮಸ್ಥಾನವನ್ನು ಒದಗಿಸಿದರು.

ಕರ್ಣಾಟಕದಲ್ಲಿ ಹೊಣೆಗೆ ಅವಧಿಯಿಲ್ಲ. ಭಾರತವು ನಿರಾಶ್ರಿತರನ್ನು ಕುರಿತ ೧೯೫೧ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿಲ್ಲ. ಇಲ್ಲಿಯ ಟಿಬೆಟನ್ನನು ಕಾನೂನಿನ ಕಣ್ಣಿಗೆ ವಿದೇಶೀಯನು. ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿಯ ಪತ್ರವೊಂದು ಅವನ ಕೈಯಲ್ಲಿರುತ್ತದೆ. ತಾನು ಉಳುವ ನೆಲ ಅವನ ಹೆಸರಿನಲ್ಲಿಲ್ಲ. ೨೦೧೪ರ ಟಿಬೆಟನ್ ಪುನರ್ವಸತಿ ನೀತಿಯು ಇಪ್ಪತ್ತು ವರ್ಷಗಳ ಗುತ್ತಿಗೆಗೆ ದಾರಿಮಾಡಿತು, ಸ್ವಾಮ್ಯವನ್ನು ಕೊಡಲಿಲ್ಲ. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ಪ್ರಜೆಗಳೆಂಬ ನಿಯಮವು ಟಿಬೆಟನ್ನರಿಗೂ ಅನ್ವಯಿಸುವುದೆಂದು ೨೦೧೦ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ ೨೦೧೩ರಲ್ಲಿ ಕರ್ಣಾಟಕದ ಉಚ್ಚ ನ್ಯಾಯಾಲಯವೂ ತೀರ್ಪಿತ್ತುವು. ಆದರೂ ಹಾಗೆ ಹುಟ್ಟಿದವರೆಲ್ಲರೂ ಆ ಹಕ್ಕನ್ನು ಕೇಳಲು ಮುಂದೆ ಬರಲಿಲ್ಲ. ಪ್ರಜೆಯಾದರೆ ನೆಲೆಯ ಸೌಲಭ್ಯಗಳು ಹೋಗಬಹುದೆಂಬ ಭಯ ಒಂದು ಕಡೆ. ಪ್ರಜೆಯಾದರೆ ತಾನು ಬಂದುದೇಕೆಂಬುದನ್ನು ಮರೆತಂತೆ ಎಂಬ ಅಳುಕು ಇನ್ನೊಂದು ಕಡೆ. ಈ ಎರಡನೆಯದು ಯಾವ ಕಾಯಿದೆಯಿಂದಲೂ ತೀರುವಂತಹುದಲ್ಲ. ವಿಹಾರದ ಹೊಣೆಯು ಬಲವಾಗಿದ್ದುದರಿಂದಲೇ ಭಾಷೆ, ಗ್ರಂಥ, ವಾದಪದ್ಧತಿಗಳು ಕೆಡದೆ ಉಳಿದುವು. ಅದೇ ಬಲದಿಂದ ಬಂದವನು ಮೂರನೆಯ ತಲೆಮಾರಿನಲ್ಲಿಯೂ ಬಂದವನಾಗಿಯೇ ಉಳಿದನು. ವಜ್ರಪಂಜರದ ಎರಡು ಮುಖಗಳೂ ಇಲ್ಲಿ ಕಾಣುತ್ತವೆ.

ಪಂಜರದಿಂದ ಹೊರಗೆ ಹೋಗುವ ದಾರಿಯೂ ಇನ್ನೊಂದು ಹೊಣೆಯ ಮೂಲಕವೇ ತೆರೆದುದು ವಿಚಾರಾರ್ಹ. ಅಮೆರಿಕ ಸಂಯುಕ್ತ ಸಂಸ್ಥಾನವು ೧೯೯೦ರ ವಲಸೆ ಕಾಯಿದೆಯಲ್ಲಿ ಭಾರತ ನೇಪಾಳಗಳ ಸಾವಿರ ಟಿಬೆಟನ್ನರಿಗೆ ಪ್ರವೇಶವನ್ನು ಕೊಟ್ಟಿತು. ಅವರಿಗೆ ನಿರಾಶ್ರಿತರೆಂಬ ಸ್ಥಾನವನ್ನು ಕೊಡದಿದ್ದುದರಿಂದ, ಅಲ್ಲಿಯ ಊರೂರಿನ ಗೃಹಸ್ಥರೂ ಸಂಘಗಳೂ ಉದ್ಯೋಗಕ್ಕೂ ವಸತಿಗೂ ಹೊಣೆಯಾಗಬೇಕಾಯಿತು. ಕೆನಡವು ಅರುಣಾಚಲದಲ್ಲಿದ್ದ ಸುಮಾರು ಸಾವಿರ ಟಿಬೆಟನ್ನರನ್ನು ಇದೇ ಬಗೆಯ ಖಾಸಗಿ ಹೊಣೆಯ ಮೇಲೆ ೨೦೧೩ರಿಂದ ಈಚೆಗೆ ಬರಮಾಡಿಕೊಂಡಿತು. ಹೀಗೆ ಹೋದವರು ಬಂಧುಗಳನ್ನು ಕರೆಸಿಕೊಂಡರು. ಬೈಲಕುಪ್ಪೆ ಮುಂಡಗೋಡುಗಳ ಶಿಬಿರಗಳಲ್ಲಿ ಮುದುಕರೂ ಮಕ್ಕಳೂ ಉಳಿದ ಮನೆಗಳು ಹೆಚ್ಚಿದುವು. ಎಷ್ಟೋ ಹೊಲಗಳನ್ನು ಈಗ ನೆರೆಯ ಹಳ್ಳಿಗಳ ಕನ್ನಡ ರೈತರೇ ಸಾಗುವಳಿ ಮಾಡುತ್ತಿದ್ದಾರೆ.

ವಿಹಾರಗಳ ಒಳಗೂ ಬದಲಾವಣೆ ಬಂದಿದೆ. ೨೦೦೮ರ ಬಳಿಕ ಗಡಿಯ ಕಾವಲು ಬಿಗಿಯಾಗಿ ಟಿಬೆಟ್ಟಿನಿಂದ ಹೊಸಬರು ಬರುವುದು ತೀರ ಕಡಮೆಯಾಯಿತು. ಅವರ ಸ್ಥಾನದಲ್ಲಿ ಲಡಾಖು, ಸ್ಪಿತಿ, ಸಿಕ್ಕಿಂ, ಅರುಣಾಚಲಗಳ ಹುಡುಗರೂ ನೇಪಾಳ ಭೂತಾನಗಳ ಹುಡುಗರೂ ಬಂದು ಸೇರುತ್ತಿದ್ದಾರೆ. ಇವರಲ್ಲಿ ಭಾರತದವರು ಹುಟ್ಟಿನಿಂದ ಪ್ರಜೆಗಳು. ಮತ ಕೊಡುವ, ನೆಲ ಕೊಳ್ಳುವ ಹಕ್ಕುಳ್ಳವರು. ಪ್ರಜೆಯಲ್ಲದ ಮನೆಯ ಗುರುವು ಪ್ರಜೆಯಾದ ಹುಡುಗನ ಊಟ, ಪಾಠ, ನಡತೆಗಳಿಗೆ ಹೊಣೆಯಾಗಿ, ಅವನ ಕೈಹಿಡಿದು ಒಳಮನೆಗೆ ಸೇರಿಸುತ್ತಿದ್ದಾನೆ.